'ಇಟಾಲಿಯನ್ ಸೋಫಾ' ಅಂದ್ರ ಏನ್ರೀ? ರೊಕ್ಕ ಕೊಡೋ ಮುಂಚೆ ಇಷ್ಟು ತಿಳ್ಕೊಳ್ರಿ

ಹಳೇ ಹುಬ್ಬಳ್ಳಿ: ಮನೆ ಕಟ್ಟಿ ಮುಗಿಸಿದವರು, ಅಜ್ಜನ ಕಾಲದ ಮನೆ ರಿಪೇರಿ ಮಾಡಿಸಿದವರು, ಮಗಳ ಮದುವೆಗೆ ಸಾಮಾನು ನೋಡುವವರು ಈಗ ಫರ್ನಿಚರ್ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಮಾತು 'ಇಟಾಲಿಯನ್'. ಇಟಾಲಿಯನ್ ಸೋಫಾ, ಇಟಾಲಿಯನ್ ಲೆದರ್, ಇಟಾಲಿಯನ್ ಪಾಲಿಶ್, ಇಟಾಲಿಯನ್ ಮಾರ್ಬಲ್ ಟಾಪ್. ಪಕ್ಕದಲ್ಲೇ 'ಯುರೋಪಿಯನ್ ಮಾಡೆಲ್ ರೀ ಸರ್' ಅನ್ನುವ ಮಂಚ, 'ಜರ್ಮನ್ ಫಿಟ್ಟಿಂಗ್' ಇರುವ ಕಪಾಟು. ಇಂಡಿ ಪಂಪ್ ಕಡೆಯಿಂದ ಒಳಗೆ ಓಣಿ ಹಿಡಿದು ಹೋದರೆ ಇನ್ನೂ ಜಂತಿ ಮನೆಗಳು, ಕಟ್ಟೆಯ ಮೇಲೆ ಕೂತ ಹಿರಿಯರು ಕಾಣುತ್ತಾರೆ. ಅದೇ ಓಣಿಯ ಮುಂದಿನ ಮನೆಯ ಪಡಸಾಲೆಯಲ್ಲಿ ಮಾತ್ರ ಬೂದು ಬಣ್ಣದ ಎಲ್ ಆಕಾರದ ಸೋಫಾ ಬಂದು ಕೂತಿರುತ್ತದೆ.

ಬರಲಿ, ತಪ್ಪೇನಿಲ್ಲ. ಆದರೆ ಆ 'ಇಟಾಲಿಯನ್' ಅನ್ನೋ ಒಂದು ಮಾತಿಗೆ ನಾವು ಎಷ್ಟು ರೊಕ್ಕ ಹೆಚ್ಚಿಗೆ ಕೊಡ್ತೇವಿ, ಅದರಾಗ ಖರೇ ಎಷ್ಟು, ಬರೀ ಹೆಸರು ಎಷ್ಟು ಅನ್ನೋದು ಗೊತ್ತಿರಬೇಕು. ಮಧ್ಯಮ ವರ್ಗದ ಮನೆಗೆ ಸೋಫಾ ಸೆಟ್ ಅಂದರೆ ಹತ್ತು ವರ್ಷಕ್ಕೊಮ್ಮೆ ಮಾಡುವ ಖರ್ಚು. ಅಲ್ಲಿ ಕೈ ಸುಟ್ಟುಕೊಂಡರೆ ಮತ್ತೆ ಮಾಡಿಸುವುದು ಸುಲಭವಲ್ಲ.

ಖರೇ ಇಟಲಿಯದು ಯಾವುದು?

ಇಟಲಿಯ ಮಿಲಾನ್ ಶಹರದ ಉತ್ತರಕ್ಕೆ ಬ್ರಿಯಾಂಜಾ ಅಂತ ಒಂದು ಭಾಗವಿದೆ. ಕಾಂತೂ, ಲಿಸೋನೆ, ಮೇಡಾ ಅನ್ನುವ ಊರುಗಳು ಅಲ್ಲಿವೆ. ತಲೆಮಾರುಗಳಿಂದ ಅಲ್ಲಿಯ ಮನೆತನಗಳ ಕಸುಬೇ ಬಡಿಗತನ. ಒಂದು ಮನೆಯವರು ಚೌಕಟ್ಟು ಮಾಡಿದರೆ, ಇನ್ನೊಬ್ಬರು ಗಾದಿ ಹೊಲಿಯುತ್ತಾರೆ, ಮತ್ತೊಬ್ಬರು ಪಾಲಿಶ್ ಹೊಡೆಯುತ್ತಾರೆ. ನಮ್ಮಲ್ಲಿ ಬಡಿಗೇರರು, ಪಾಲಿಶ್‌ನವರು, ಗಾದಿ ಹೊಲಿಯುವವರು ಬೇರೆ ಬೇರೆ ಇದ್ದಂತೆಯೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸಣ್ಣ ವರ್ಕ್‌ಶಾಪ್‌ಗಳ ಜೊತೆ ಮಿಲಾನಿನ ಆರ್ಕಿಟೆಕ್ಟರು ಕೈಜೋಡಿಸಿದರು. ಚಿತ್ರ ಅವರದು, ಕೈ ಇವರದು. 1961ರಲ್ಲಿ ಮಿಲಾನ್‌ನಲ್ಲಿ 'ಸಲೋನೆ ದೆಲ್ ಮೊಬಿಲೆ' ಅನ್ನುವ ಫರ್ನಿಚರ್ ಜಾತ್ರೆ ಶುರುವಾಯಿತು. ಇವತ್ತಿಗೂ ಜಗತ್ತಿನ ಫರ್ನಿಚರ್ ವ್ಯಾಪಾರಸ್ಥರು ಅಲ್ಲಿಗೆ ಹೋಗಿ ಹೊಸ ಮಾಡೆಲ್ ನೋಡಿಕೊಂಡು ಬರುತ್ತಾರೆ. ಮೇಡಾದ ಕಸಿನಾ (1927), ಟ್ಯೂರಿನ್‌ನಲ್ಲಿ ಶುರುವಾದ ಪೊಲ್ಟ್ರೋನಾ ಫ್ರಾವು (1912), ದಕ್ಷಿಣದ ನಾತುಜ್ಜಿ (1959) ಇಂಥವು ದೊಡ್ಡ ಹೆಸರುಗಳು.

ಆ ಮಾಲು ಹುಬ್ಬಳ್ಳಿ ತನಕ ಬರಬೇಕಾದರೆ ಏನು ಖರ್ಚು ಬರುತ್ತದೆ, ಲೆಕ್ಕ ಹಾಕೋಣ. ಹೊರದೇಶದ ಫರ್ನಿಚರ್ ಮೇಲೆ ಕಸ್ಟಮ್ಸ್ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ 25ಕ್ಕೆ ಏರಿಸಿದ್ದರು. ದರ ಬಜೆಟ್‌ನಿಂದ ಬಜೆಟ್‌ಗೆ ಹೆಚ್ಚು ಕಡಿಮೆ ಆಗುತ್ತದೆ, ಲೆಕ್ಕಕ್ಕೆ 25 ಅಂತಲೇ ಹಿಡಿಯೋಣ. ಬಂದರಿಗೆ ಬಂದ ಸೋಫಾದ ಬೆಲೆ 1 ಲಕ್ಷ ರೂಪಾಯಿ ಇದ್ದರೆ ಸುಂಕ 25 ಸಾವಿರ. ಒಟ್ಟು 1.25 ಲಕ್ಷ. ಅದರ ಮೇಲೆ ಜಿಎಸ್‌ಟಿ ಶೇ 18, ಅಂದರೆ 22,500. ಬಂದರಿನ ಗೇಟು ದಾಟುವಾಗಲೇ 1,47,500 ಆಯಿತು. ಮುಂಬೈಯಿಂದ ಲಾರಿ ಬಾಡಿಗೆ, ಅಂಗಡಿ ಬಾಡಿಗೆ, ಆಳಿನ ಪಗಾರ, ಮಾಲೀಕರ ಲಾಭ ಇನ್ನೂ ಸೇರಿಲ್ಲ.

ಈಗ ಹೇಳ್ರಿ, 45 ಸಾವಿರಕ್ಕೆ ಸಿಗುವ ಐದು ಸೀಟಿನ ಸೋಫಾ ಇಟಲಿಯಿಂದ ಬಂದದ್ದು ಹ್ಯಾಂಗ ಆಗ್ತೈತಿ?

ಅದು ಇಟಲಿಯ ಚಿತ್ರ ನೋಡಿ ನಮ್ಮ ದೇಶದಲ್ಲೇ ಮಾಡಿದ್ದು, ಇಲ್ಲವೇ ಚೀನಾದಿಂದ ಬಂದದ್ದು. ದಿಲ್ಲಿಯ ಕೀರ್ತಿ ನಗರ, ಮುಂಬೈ ಹತ್ತಿರದ ಉಲ್ಹಾಸನಗರ ಫರ್ನಿಚರ್‌ಗೆ ಹೆಸರಾದ ಪೇಟೆಗಳು. ಚೀನಾದಲ್ಲಿ ಫೋಶಾನ್ ಅನ್ನುವ ಶಹರದ ತುಂಬ ಫರ್ನಿಚರ್ ಅಂಗಡಿಗಳೇ. ಹುಬ್ಬಳ್ಳಿಯಲ್ಲೇ ಒಳ್ಳೆಯ ಕೈಯಿರುವ ಸೋಫಾ ಮೇಕರ್‌ಗಳಿದ್ದಾರೆ, ಮೊಬೈಲ್‌ನಲ್ಲಿ ಫೋಟೋ ತೋರಿಸಿದರೆ ಹಂಗೇ ಮಾಡಿಕೊಡುತ್ತಾರೆ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಅದಕ್ಕೆ 'ಇಟಾಲಿಯನ್ ಮಾದರಿ' ಅಂತ ಹೆಸರು ಹೇಳಿ, ಇಲ್ಲಿಯ ರೇಟು ತಗೊಂಡರೆ ಯಾರ ತಕರಾರೂ ಇಲ್ಲ.

ಯುರೋಪು ನಮ್ಮ ಮನೆಗೆ ಹೊಸದೇನಲ್ಲ

ರಾಯರ ಹುಬ್ಬಳ್ಳಿ ಅಂತ ಕರೆಸಿಕೊಂಡ ಈ ಹಳೇ ಊರಿನ ಮನೆಗಳ ಮೇಲೆ ಇರುವ ಮಂಗಳೂರು ಹಂಚು ಯಾರದು ಗೊತ್ತೇನು? 1865ರಲ್ಲಿ ಬಾಸೆಲ್ ಮಿಷನ್‌ನ ಜರ್ಮನ್ ಮನುಷ್ಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ್ದು. ಈಗ ಅದನ್ನು ಯಾರೂ 'ಜರ್ಮನ್ ಹಂಚು' ಅನ್ನುವುದಿಲ್ಲ.

ಹಳೆಯ ಹೋಟೆಲ್‌ಗಳಲ್ಲಿ, ಮುಂಬೈ-ಪುಣೆಯ ಇರಾಣಿ ಹೋಟೆಲ್‌ಗಳಲ್ಲಿ ಬಗ್ಗಿಸಿದ ಕಟ್ಟಿಗೆಯ ಕರಿ ಕುರ್ಚಿ ನೋಡಿರಬೇಕು ನೀವು. ಅದರ ಮೂಲ ವಿಯೆನ್ನಾದ ಮೈಕೆಲ್ ಥೊನೆಟ್ 1859ರಲ್ಲಿ ತಂದ 14ನೇ ನಂಬರ್ ಕುರ್ಚಿ. ಕಟ್ಟಿಗೆಗೆ ಬಿಸಿ ಹಬೆ ಕೊಟ್ಟು ಬಗ್ಗಿಸಿ ಮಾಡಿದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಇಟ್ಟರೆ ಒಂದು ಮೀಟರ್ ಉದ್ದ-ಅಗಲ-ಎತ್ತರದ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಇವತ್ತು ಡಬ್ಬಿಯಲ್ಲಿ ಬಂದು ನಾವೇ ಜೋಡಿಸಿಕೊಳ್ಳುವ ಫರ್ನಿಚರ್‌ನ ಅಜ್ಜ ಅದು. ಸ್ವೀಡನ್‌ನ ಐಕಿಯಾ (ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ತೆರೆಯಿತು) ನಡೆಸುವುದು ಇದೇ ಲೆಕ್ಕಾಚಾರದ ಮೇಲೆ: ಗಾಳಿಯನ್ನು ಲಾರಿಯಲ್ಲಿ ಸಾಗಿಸಬಾರದು.

'ಮಾಡರ್ನ್ ಯುರೋಪಿಯನ್' ಅಂತ ಈಗ ತೋರಿಸುವ ನೆಲಕ್ಕೆ ಹತ್ತಿದ, ಕಾಲೇ ಇಲ್ಲದ ಸೋಫಾಗಳದು ಇನ್ನೊಂದು ಮಜಾ. ಫ್ರಾನ್ಸಿನ ಮಿಷೆಲ್ ಡ್ಯುಕರುವಾ 1973ರಲ್ಲಿ 'ಟೋಗೊ' ಅಂತ ಒಂದು ಸೋಫಾ ಮಾಡಿದ. ಒಳಗೆ ಕಟ್ಟಿಗೆಯ ಚೌಕಟ್ಟೇ ಇಲ್ಲ, ಬರೀ ಫೋಮ್. ಇವತ್ತಿಗೂ ಲಕ್ಷಗಟ್ಟಲೆಗೆ ಹೋಗುತ್ತದೆ. ಜವಳಿ ಸಾಲಿನ ಅರಿವಿ ಅಂಗಡಿಗಳಲ್ಲಿ ಗಾದಿ ಹಾಸಿ, ಲೋಡಿಗೆ ಒರಗಿ, ಸೀರಿ ತೋರಿಸುತ್ತಿದ್ದವರು ಅದನ್ನು ನೋಡಿದ್ದರೆ ಏನಂತಿದ್ರೋ!

ಮೊದಲು ಬಾಗಿಲು ಅಳೀರಿ

ನನ್ನದೇ ಕಥೆ ಹೇಳಿಬಿಡ್ತೀನಿ. ಆರೇಳು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 'ಇಟಾಲಿಯನ್ ಲೆದರ್' ಸೋಫಾ ಒಪ್ಪಿಕೊಂಡು ಮುಂಗಡ ಕೊಟ್ಟು ಬಂದೆ. ಟೆಂಪೋದಲ್ಲಿ ಸೋಫಾ ಬಂತು. ಓಣಿಯ ತಿರುವಿನಲ್ಲಿ ಟೆಂಪೋ ನಿಂತಿತು, ನಾಲ್ಕು ಮಂದಿ ಹೊತ್ತು ತಂದರು. ನಮ್ಮ ತಲಬಾಗಿಲು ಹಳೇದು, ಸಾಗವಾನಿ ಚೌಕಟ್ಟಿನದು, ಎರಡೂವರೆ ಫೂಟು ಅಗಲ. ಸೋಫಾ ಹಿಂಗ ತಿರುವಿದರೂ ಒಳಗೆ ಬರಲಿಲ್ಲ, ಹಂಗ ತಿರುವಿದರೂ ಬರಲಿಲ್ಲ. ಕಡೆಗೆ ಕೈ ಬಿಚ್ಚಿ, ಹಿಂದಿನ ಬಟ್ಟೆ ಹರಿದು, ಮತ್ತೆ ಮೊಳೆ ಹೊಡೆದು ಕೂರಿಸಿದರು. ಹೊಸ ಸಾಮಾನು ಮನೆಗೆ ಬರುವಾಗಲೇ ಹಳೇದಾಯಿತು.

ಎರಡೂವರೆ ಫೂಟು ಅಂದರೆ 76 ಸೆಂಟಿಮೀಟರ್. ಯುರೋಪಿಯನ್ ಮಾದರಿ ಸೋಫಾದ ಆಳ, ಅಂದರೆ ಮುಂದಿನಿಂದ ಬೆನ್ನಿನ ತನಕ, ಬಹುತೇಕ 95ರಿಂದ 105 ಸೆಂಟಿಮೀಟರ್ ಇರುತ್ತದೆ. ಸೋಫಾವನ್ನು ನಿಲ್ಲಿಸಿ ಒಳಗೆ ತಿರುಗಿಸಬೇಕಾದರೆ ಅದರ ಎತ್ತರವಾದರೂ ಬಾಗಿಲಿಗಿಂತ ನಾಲ್ಕು ಬೆರಳು ಕಡಿಮೆ ಇರಬೇಕು. ಬೆನ್ನು 85 ಸೆಂಟಿಮೀಟರ್ ಎತ್ತರ ಇದ್ದರೆ ಆಗುವುದಿಲ್ಲ, ಮುಗೀತು. ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ, ಒಳಗೆ ಬಂದ ಕೂಡಲೇ ತಿರುವು. ಮಾಳಿಗೆ ಮೇಲಿನ ಕೋಣೆಗಾದರೆ ಜಿನೆ ಬೇರೆ. ಅದಕ್ಕೇ ತುಂಡು ತುಂಡಾಗಿ ಬರುವ ಸೋಫಾ, ಬಿಚ್ಚಿ ಜೋಡಿಸುವ ಮಂಚವೇ ನಮ್ಮ ಓಣಿಗಳಿಗೆ ಸರಿ.

ಇನ್ನು ಕೋಣೆಯ ಲೆಕ್ಕ. ಪಡಸಾಲೆ 10 ಫೂಟು ಅಗಲ ಅಂದರೆ 305 ಸೆಂಟಿಮೀಟರ್. ಸೋಫಾ 100, ನಡುವೆ ಕಾಲಿಗೆ 45, ಟೀಪಾಯಿ 60, ಎದುರಿಗೆ ಟಿವಿ ಕಪಾಟು 40. ಉಳಿಯಿತು 60 ಸೆಂಟಿಮೀಟರ್, ಎರಡು ಫೂಟು. ಒಬ್ಬರು ಓಡಾಡಬಹುದು, ಕೈಯಲ್ಲಿ ತಾಟು ಹಿಡಿದರೆ ಅದೂ ಕಷ್ಟ. ಇಟಲಿಯ ಸೋಫಾಗಳನ್ನು ದೊಡ್ಡ ಹಾಲಿನ ನಟ್ಟನಡುವೆ ಇಡಲು ಮಾಡಿರುತ್ತಾರೆ, ಹಿಂದಿನ ಬೆನ್ನೂ ಚೆಂದ ಇರುತ್ತದೆ. ನಾವು ಅದನ್ನು ಗೋಡೆಗೆ ಒತ್ತಿ ಇಡುತ್ತೇವೆ, ಆ ಬೆನ್ನಿಗೆ ಕೊಟ್ಟ ರೊಕ್ಕ ಗೋಡೆ ನೋಡುತ್ತದೆ. ಉಡಿ ತುಂಬುವ ಕಾರ್ಯ, ತೊಟ್ಟಿಲು, ಸತ್ಯನಾರಾಯಣ ಪೂಜೆ ಬಂತಂದರೆ ಇಪ್ಪತ್ತು ಹೆಣ್ಮಕ್ಕಳು ಕೆಳಗೆ ಕೂಡಬೇಕು. ಆಗ ಎಲ್ ಆಕಾರದ ಸೋಫಾವನ್ನು ಎಲ್ಲಿ ಸರಿಸೋದು? ಹಗುರಾದ ಎರಡು ಬಿಡಿ ಕುರ್ಚಿ, ಒಂದು ದಿವಾನ ಇದ್ದವರು ಆ ದಿನ ಬದುಕುತ್ತಾರೆ.

ಸೀಟಿನ ಎತ್ತರ ಇನ್ನೊಂದು. ಹೊಸ ಮಾದರಿಗಳಲ್ಲಿ ಸೀಟು 38-40 ಸೆಂಟಿಮೀಟರ್ ಮಾತ್ರ. ಮೊಣಕಾಲು ನೋವಿನ ಅವ್ವ, ಅಜ್ಜಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಮನೆಯಲ್ಲಿ ಹಿರಿಯರಿದ್ದರೆ 17-18 ಇಂಚು ಎತ್ತರ, ಗಟ್ಟಿ ಕೈ ಇರುವ ಒಂದು ಕುರ್ಚಿಯಾದರೂ ಇರಲಿ. ಅಂಗಡಿಗೆ ಹೋಗುವಾಗ ಅವರನ್ನೂ ಕರಕೊಂಡು ಹೋಗ್ರಿ, ಕೂಡ್ರಿಸಿ ಎಬ್ಬಿಸಿ ನೋಡ್ರಿ.

ಚರ್ಮ, ಫೋಮ್, ಹಲಗೆ

ನನ್ನ ಆ 'ಲೆದರ್' ಮೂರನೇ ಬೇಸಿಗೆಗೆ ಹಪ್ಪಳದಂತೆ ಎದ್ದು ಉದುರಲು ಶುರುವಾಯಿತು. ಕೂತು ಎದ್ದವರ ಅಂಗಿಗೆಲ್ಲ ಕಂದು ಪುಡಿ. ಅದು ಚರ್ಮವೇ ಅಲ್ಲ, ಬಟ್ಟೆಯ ಮೇಲೆ ಪಾಲಿಯುರಿಥೇನ್ ಬಳಿದದ್ದು. ಬೆವರು, ಮಳೆಗಾಲದ ತೇವ, ಬಿಸಿಲು ಸೇರಿದರೆ ಆ ಲೇಪ ತಾನಾಗಿ ಒಡೆಯುತ್ತದೆ, ಎಷ್ಟು ಒರೆಸಿದರೂ ಉಳಿಯದು. ಇದಕ್ಕೆ 'ಲೆದರೆಟ್', 'ಪಿಯು ಲೆದರ್' ಅಂತೆಲ್ಲ ಹೆಸರು. 'ಬಾಂಡೆಡ್ ಲೆದರ್' ಅಂದರೆ ಚರ್ಮದ ಚೂರು-ಪುಡಿ ಅಂಟಿಸಿ ಮಾಡಿದ ಹಾಳೆ, ಅದೂ ಸುಲಿಯುತ್ತದೆ. ಸೋಫಾದ ಕೆಳಗೆ ಬಗ್ಗಿ ತುದಿ ನೋಡಿದರೆ ಗೊತ್ತಾಗುತ್ತದೆ: ಖರೇ ಚರ್ಮದ ಹಿಂಬದಿ ಒರಟು ನಾರು, ನಕಲಿಯ ಹಿಂಬದಿ ನೇಯ್ದ ಬಟ್ಟೆ. ನನ್ನ ಕೇಳಿದರೆ ನಮ್ಮ ಬಿಸಿಲಿಗೆ, ಧೂಳಿಗೆ ಬಿಚ್ಚಿ ಒಗೆಯಲು ಬರುವ ಗಟ್ಟಿ ಬಟ್ಟೆಯ ಕವರೇ ಮೇಲು.

ಫೋಮಿಗೆ 'ಡೆನ್ಸಿಟಿ 32', '40' ಅಂತ ಹೇಳುತ್ತಾರೆ. ಒಂದು ಘನ ಮೀಟರ್ ಫೋಮ್ ಅಷ್ಟು ಕಿಲೋ ತೂಗುತ್ತದೆ ಅಂತ ಅರ್ಥ. ಇದನ್ನು ನಂಬಬೇಕಾಗಿಲ್ಲ, ತೂಗಬಹುದು. ಎರಡು ಫೂಟು ಉದ್ದ, ಎರಡು ಫೂಟು ಅಗಲ, ಆರಿಂಚು ದಪ್ಪದ ಸೀಟಿನ ಫೋಮನ್ನು ಕವರಿನಿಂದ ಹೊರಗೆ ತೆಗೆಸಿ ತಕ್ಕಡಿಯ ಮೇಲಿಡಿ. 32 ಡೆನ್ಸಿಟಿ ಇದ್ದರೆ ಹತ್ತಿರ ಹತ್ತಿರ 1.8 ಕಿಲೋ ಬರಬೇಕು. ಒಂದು ಕಿಲೋಗಿಂತ ಕಡಿಮೆ ಬಂದರೆ ಅದು 18ರ ಆಸುಪಾಸಿನದು, ವರ್ಷದೊಳಗೆ ಕುಳಿ ಬೀಳುತ್ತದೆ. ತೂಕ ಹೆಚ್ಚಿಸಲು ಪುಡಿ ಬೆರೆಸಿದ ಫೋಮೂ ಪೇಟೆಯಲ್ಲಿ ಉಂಟು, ಅದಕ್ಕೆ ಕೈಯಿಂದ ಒತ್ತಿ ಬಿಟ್ಟಾಗ ತಟ್ಟನೆ ಮೇಲೆ ಬರ್ತದೋ ಇಲ್ಲೋ ಅನ್ನುವುದನ್ನೂ ನೋಡಬೇಕು.

ಹಲಗೆಯ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು, ಯಾಕಂದ್ರ ಮೇಲಿನ ಲ್ಯಾಮಿನೇಟ್ ನೋಡಿದರೆ ಒಳಗೆ ಏನಿದೆ ತಿಳಿಯದು. ಕಟ್ಟಿಗೆಯ ಚೂರು ಒತ್ತಿ ಮಾಡಿದ್ದು ಪಾರ್ಟಿಕಲ್ ಬೋರ್ಡ್. ನಾರು ಒತ್ತಿ ಮಾಡಿದ್ದು ಎಂಡಿಎಫ್. ತೆಳು ಹಾಳೆಗಳನ್ನು ಅಡ್ಡ-ಉದ್ದ ಅಂಟಿಸಿದ್ದು ಪ್ಲೈವುಡ್. ಯುರೋಪಿನಲ್ಲೂ ಕಪಾಟುಗಳು ಬಹಳಷ್ಟು ಪಾರ್ಟಿಕಲ್ ಬೋರ್ಡಿನವೇ, ಹಾಗಾಗಿ 'ಯುರೋಪಿಯನ್' ಅಂದರೆ ಗಟ್ಟಿ ಕಟ್ಟಿಗೆ ಅಂತ ತಿಳಿಯಬಾರದು. ಆದರೆ ಅಲ್ಲಿ ಬಕೆಟ್ ನೀರು ಹಾಕಿ ನೆಲ ಒರೆಸುವುದಿಲ್ಲ. ನಮ್ಮಲ್ಲಿ ದಿನಾ ಒದ್ದೆ ಅರಿವಿ ತಾಗಿ ಪಾರ್ಟಿಕಲ್ ಬೋರ್ಡಿನ ಬುಡ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಇಳಿಯುವುದಿಲ್ಲ, ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ. ಬಾಡಿಗೆ ಮನೆ ಬದಲಿಸುವವರಿಗೆ ಇದು ದೊಡ್ಡ ತ್ರಾಸು. ತಗೊಳ್ಳಲೇಬೇಕಾದರೆ ನಾಲ್ಕಿಂಚು ಎತ್ತರದ ಕಾಲು ಹಾಕಿಸಿ.

ಪ್ಲೈವುಡ್‌ನಲ್ಲಿ ಎರಡು ನಂಬರ್ ನೆನಪಿಡಿ. ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಡೆಯುವ ಮರೈನ್ ಪ್ಲೈ. 303ರಲ್ಲಿ 'ಎಂಆರ್' ಅಂತ ಬರೆದಿದ್ದರೆ ಅದು ಗಾಳಿಯ ತೇವ ತಡೆದೀತು, ನೀರು ತಡೆಯದು. ಅಡುಗೆಮನೆ ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ತಾಗುವ ಕಡೆ 710 ಹಾಕಿಸಿ, ಉಳಿದ ಕಡೆ 303 ಸಾಕು. ಮಣ್ಣಿನ ಗೋಡೆಯ ಮನೆಯಾದರೆ ಒರಲಿ ಔಷಧ ಹೊಡೆಸದೆ ಗೋಡೆಗೆ ಹತ್ತಿಸಿ ಕಪಾಟು ಮಾಡಿಸಬೇಡಿ. ಯಾವ ದೇಶದ ಹೆಸರಿದ್ದರೂ ಒರಲಿಗೆ ಭೇದ ಇಲ್ಲ.

ಹೆಸರು ಖರೇ ಇರುವ ಕಡೆ

ಎಲ್ಲವೂ ಸುಳ್ಳು ಅನ್ನಲು ಬರುವುದಿಲ್ಲ. 'ಇಟಾಲಿಯನ್ ಪಾಲಿಶ್' ಅಂತ ಪಾಲಿಶ್‌ನವರು ಹೇಳುವ ಪಿಯು ಪಾಲಿಶ್‌ಗೆ ನಿಜವಾಗಿಯೂ ಇಟಲಿಯ ನಂಟಿದೆ. ಸಿರ್ಕಾ, ಐಸಿಎ ಇವು ಇಟಲಿಯ ಕಂಪನಿಗಳು, ಅವುಗಳ ಕಟ್ಟಿಗೆ ಬಣ್ಣ ನಮ್ಮ ದೇಶದಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಹೆಸರು ಓದಿ, ನಿಮ್ಮ ಎದುರಿಗೇ ಡಬ್ಬಿ ಒಡೆಸಿ.

ಹಿಂಜ್, ಡ್ರಾವರ್ ಚಾನಲ್ ಕೂಡ ಹಾಗೆಯೇ. ಹೆಟ್ಟಿಕ್, ಹೆಫೆಲೆ ಜರ್ಮನಿಯವು, ಬ್ಲುಮ್ ಆಸ್ಟ್ರಿಯಾದ್ದು. ಬಾಗಿಲು ಒಳಗೆ 35 ಮಿಲಿಮೀಟರ್ ಬಟ್ಟಲಿನಷ್ಟು ಕುಳಿ ಕೊರೆದು ಕೂರಿಸುವ, ಹೊರಗೆ ಕಾಣದ ಆ ಹಿಂಜ್ ಇದೆಯಲ್ಲ, ಮಾಡರ್ನ್ ಯುರೋಪಿಯನ್ ಕಪಾಟಿನ ಅರ್ಧ ಚೆಂದ ಅದರದ್ದೇ. ನಮ್ಮ ಬಡಿಗೇರರ ಕೈಯಲ್ಲಿ ಒಳ್ಳೆಯ ಪ್ಲೈ, ಒಳ್ಳೆಯ ಹಿಂಜ್ ಕೊಟ್ಟು, ಸಾದಾ ಡಿಸೈನ್ ಮಾಡಿಸಿದರೆ ಶೋರೂಮಿನ ಕಪಾಟಿಗೆ ಏನೂ ಕಡಿಮೆಯಾಗದು. ನಮ್ಮ ಪಕ್ಕದಲ್ಲೇ ದಾಂಡೇಲಿ ಇದೆ, ಅಲ್ಲಿಯ ಸಾಗವಾನಿಗೆ ಇರುವ ಹೆಸರು ನಿಮಗೂ ಗೊತ್ತು. ಚಂಡೀಗಡದ ಸರಕಾರಿ ಕಚೇರಿಗಳಿಗಾಗಿ ಸ್ವಿಟ್ಜರ್ಲೆಂಡಿನ ಪಿಯೆರ್ ಜಾನೆರೆ ಸಾಗವಾನಿ ಮತ್ತು ಬೆತ್ತದಲ್ಲಿ ಮಾಡಿಸಿದ ಕುರ್ಚಿಗಳನ್ನು ಇಲ್ಲಿ ಗುಜರಿಗೆ ಹಾಕಿದ್ದರು, ಅವೇ ಯುರೋಪಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಅಟ್ಟದ ಮೇಲಿನ ಅಜ್ಜನ ಆರಾಮ ಕುರ್ಚಿ ಮಾರುವ ಮುಂಚೆ ಒಮ್ಮೆ ಬೆತ್ತ ಹೆಣಿಸಿ, ಪಾಲಿಶ್ ಮಾಡಿಸಿ ನೋಡ್ರಿ. ಹೊಸದಾಗಿ ಪೂರ್ತಿ ಬೆತ್ತ ಅಥವಾ ಬಿದಿರಿನದು ತಗೊಳ್ಳುವವರಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5 ಮಾತ್ರ, ಮೊದಲು 12 ಇತ್ತು.

ಮಾರ್ಬಲ್ ಟಾಪ್ ಟೇಬಲ್ ಬಗ್ಗೆ ಒಂದೇ ಮಾತು: ಊಟದ ಟೇಬಲ್‌ಗೆ ಬ್ಯಾಡ. ಮಾರ್ಬಲ್ ಅಂದರೆ ಸುಣ್ಣದ ಕಲ್ಲಿನ ಜಾತಿ. ಲಿಂಬಿಹುಳಿ, ಹುಣಸೆಹುಳಿ ಬಿದ್ದ ಕಡೆ ಹೊಳಪು ತಿಂದು ಹೋಗುತ್ತದೆ, ಅರಿಷಿಣದ ಕಲೆ ಒಳಗಿಳಿಯುತ್ತದೆ. ಕರಾರಾದಿಂದಲೇ ಬಂದಿದ್ದರೂ ಅಷ್ಟೇ. (ನಮ್ಮ ಶಹಾಬಾದ್ ಫರ್ಸಿಯೂ ಅದೇ ಜಾತಿ, ಆದರೆ ಅದರ ಮೇಲೆ ಕಲೆ ಬಿದ್ದರೆ ಯಾರೂ ಅಳುವುದಿಲ್ಲ.) ಗ್ರಾನೈಟ್ ಹಾಕಿಸಿ, ಇಳಕಲ್ಲಿನದೇ ಆಗಬಹುದು.

ಬಿಲ್ಲಿನಲ್ಲಿ ಏನು ಬರೆಸಬೇಕು

ಅಂಗಡಿಯವರಿಗೂ ಗಿರಾಕಿಗಳಿಗೂ ಇದು ಸಂಬಂಧಿಸಿದ್ದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮಾಲಿನ ಗುಣಮಟ್ಟ, ಒಳಗಿನ ಸಾಮಗ್ರಿ, ಶೈಲಿಯ ಬಗ್ಗೆ ಸುಳ್ಳು ಹೇಳಿ ಮಾರುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅದರಲ್ಲೇ ಬರುತ್ತದೆ. ಜಿಎಸ್‌ಟಿ ಉಳಿಸಲು 'ಕಚ್ಚಾ ಬಿಲ್' ಒಪ್ಪಿಕೊಂಡವರು ಆಮೇಲೆ ಎಲ್ಲಿ ಹೋದರೂ ಕೈಯಲ್ಲಿ ಕಾಗದ ಇರುವುದಿಲ್ಲ. ಹೊರದೇಶದಿಂದ ಬಂದ ಪ್ಯಾಕ್ ಮಾಡಿದ ಮಾಲಿನ ಡಬ್ಬಿಯ ಮೇಲೆ ಯಾವ ದೇಶದ್ದು, ಆಮದು ಮಾಡಿದವರು ಯಾರು ಅಂತ ಬರೆದಿರಲೇಬೇಕು. 'ಇಂಪೋರ್ಟೆಡ್' ಅಂದ ಕೂಡಲೇ ಆ ಚೀಟಿ ತೋರಿಸ್ರಿ ಅಂತ ಕೇಳಿ.

ಬಿಲ್ಲಿನಲ್ಲಿ ಬರೀ 'ಸೋಫಾ ಸೆಟ್ 1' ಅಂತ ಇದ್ದರೆ ಪ್ರಯೋಜನವಿಲ್ಲ. ಫೋಮ್ ಡೆನ್ಸಿಟಿ, ಚೌಕಟ್ಟಿನ ಕಟ್ಟಿಗೆ ಯಾವುದು, ಮೇಲಿನದು ಚರ್ಮವೋ ಲೆದರೆಟ್ಟೋ, ಗ್ಯಾರಂಟಿ ಯಾವುದಕ್ಕೆ ಎಷ್ಟು ವರ್ಷ, ಮನೆಯೊಳಗೆ ತಂದು ಕೂರಿಸುವ ಜವಾಬ್ದಾರಿ ಯಾರದು, ಇಷ್ಟೂ ಬರೆಸಿ. ನ್ಯಾಯವಾಗಿ ವ್ಯಾಪಾರ ಮಾಡುವ ಅಂಗಡಿಯವರಿಗೆ ಇದರಿಂದ ಲಾಭವೇ. ಫೋಮ್ ಕಡಿಮೆ ಹಾಕಿ ಐದು ಸಾವಿರ ಇಳಿಸಿ ಮಾರುವವರ ಜೊತೆ ಅವರು ರೇಟಿನಲ್ಲಿ ಗುದ್ದಾಡಬೇಕಾಗಿಲ್ಲ.

ಗಾಡಿ ತಪ್ಪಿದರೆ ಮೊದಲು ಅಂಗಡಿಗೆ ಬರವಣಿಗೆಯಲ್ಲಿ ಕೊಡಿ, ವಾಟ್ಸಾಪ್ ಮೆಸೇಜ್ ಆದರೂ ಇರಲಿ, ಫೋಟೋ ತೆಗೆದಿಡಿ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅದೂ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ. 50 ಲಕ್ಷದವರೆಗಿನ ಖರೀದಿಯ ದೂರು ಅಲ್ಲಿ ನಡೆಯುತ್ತದೆ, ಖರೀದಿ 5 ಲಕ್ಷದೊಳಗಿದ್ದರೆ ಫೀ ಇಲ್ಲ, ವಕೀಲರು ಕಡ್ಡಾಯವಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ನಾನು ನನ್ನ ಸೋಫಾದ ಬಿಲ್ ಹುಡುಕಿದಾಗ ಸಿಕ್ಕಿದ್ದು ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಿಂದ ಬರೆದ ಒಂದು ಮೊತ್ತ ಮಾತ್ರ. ಆ ಸೋಫಾಕ್ಕೆ ಈಗ ಇದೇ ಓಣಿಯ ಸೋಫಾ ರಿಪೇರಿಯವರು ಇಳಕಲ್ ಸೀರಿ ಬಣ್ಣದ ಗಟ್ಟಿ ಬಟ್ಟೆ ಹಾಕಿಕೊಟ್ಟಿದ್ದಾರೆ, ಫೋಮೂ ಬದಲಾಯಿಸಿದ್ದಾರೆ. ಇಟಲಿಯದ್ದು ಅಂತ ಅದರಲ್ಲಿ ಉಳಿದಿರುವುದು ಆಕಾರ ಒಂದೇ.